ಬಾರ್ಲಿ ಗಂಜಿಯ ರಾಜ್ಯಕ್ಕೆ ಗಿರ್ಮಿಟ್ ಬಂದದ್ದು

ಕೇಶ್ವಾಪುರದ ನನ್ನ ಗೆಳೆಯನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾವು ನಾಲ್ಕು ಜನ ಕೂತು ಒಂದು ಆಟ ಆಡುತ್ತಿದ್ದೆವು. ಗೆಳೆಯ ಮಿಶನ್ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ. ಬೆಳಿಗ್ಗೆ ಚರ್ಚಿಗೆ ಹೋಗಿ, ಅಲ್ಲಿ ದಪ್ಪ ದನಿಯವರ ಸಾಲಿನಲ್ಲಿ ನಿಂತು ಹಾಡಿ ಬಂದು, ಹೊಟ್ಟೆ ತುಂಬ ಉಂಡು, ನಮಗಾಗಿ ಚಾಪೆ ಹಾಸಿ ಕಾಯುತ್ತಿದ್ದ. ಅವನ ಹೆಂಡತಿ ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ನಾನು ಅವರನ್ನು ಅತ್ತಿಗೆಯ ಸಲುಗೆಯಲ್ಲಿ ವೈನಿ ಎಂದೇ ಕರೆಯುವುದು. ಇನ್ನೊಬ್ಬ, ಅದೇ ಓಣಿಯ ತುದಿಯಲ್ಲಿ ಬೈಕ್ ರಿಪೇರಿ ಗ್ಯಾರೇಜು ಇಟ್ಟುಕೊಂಡಿದ್ದ ಮುಸ್ಲಿಂ ಹುಡುಗ. ಹುಡುಗ ಎಂದೆ, ಮೂವತ್ತು ದಾಟಿದವನು. ಆ ಶಾಲೆಯಲ್ಲೇ ಓದಿದವನಾದ್ದರಿಂದ ಗೆಳೆಯನನ್ನು ಈಗಲೂ 'ಸರ' ಎನ್ನುತ್ತಿದ್ದ, ವೈನಿಯನ್ನು 'ಭಾಭಿ' ಎನ್ನುತ್ತಿದ್ದ.

ಈ ಆಟಕ್ಕೆ ಬೋರ್ಡು ಬೇಡ, ಇಸ್ಪೀಟು ಬೇಡ. ಒಬ್ಬ ಒಂದು ಕಲ್ಪನೆಯ ಲೋಕವನ್ನು ಕಟ್ಟಿ ಹೇಳುತ್ತಾ ಹೋಗುತ್ತಾನೆ. ಉಳಿದವರು ಆ ಲೋಕದಲ್ಲಿ ಒಂದೊಂದು ಪಾತ್ರವಾಗಿ, ನಾನೀಗ ಬಾಗಿಲು ಒಡೆಯುತ್ತೇನೆ, ನಾನು ಮರ ಹತ್ತುತ್ತೇನೆ ಎನ್ನುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕಾಲೇಜಿನ ದಿನಗಳಲ್ಲಿ ನಾನು ಕಲಿತು ಬಂದ ಹುಚ್ಚು ಇದು. ಲೋಕ ಕಟ್ಟುವ ಕೆಲಸವೂ ನನ್ನದೇ ಆಗಿತ್ತು.

ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ತೆಗೆಯುವುದು ನನ್ನ ನೌಕರಿ. ಆ ರಾಜ್ಯವನ್ನೂ ನಾನು ಹಾಗೆಯೇ ಅಳತೆ ಹಿಡಿದು ಕಟ್ಟಿದ್ದೆ. ಚಳಿಯ ನಾಡು, ಕಲ್ಲುಗುಡ್ಡಗಳು, ಮೇಲೆ ಕೋಟೆಗಳು. ಅಲ್ಲಿ ಏನು ಬೆಳೆಯುತ್ತದೆ, ಏನು ಬೆಳೆಯುವುದಿಲ್ಲ ಎಂಬುದನ್ನೂ ನಿಶ್ಚಯಿಸಿದ್ದೆ. ಜನ ಬಾರ್ಲಿ ಗಂಜಿ ಕುಡಿಯುತ್ತಾರೆ, ಒಣ ಬ್ರೆಡ್ಡು ಮುರಿಯುತ್ತಾರೆ, ಹೊಗೆ ಹಾಕಿದ ಮೀನು ತಿನ್ನುತ್ತಾರೆ. ಉರಿಮೂತ್ರವಾದಾಗ ಬಾರ್ಲಿ ನೀರು ಕುಡಿದದ್ದು ಬಿಟ್ಟರೆ ನಮ್ಮಲ್ಲಿ ಯಾರೂ ಆ ಗಂಜಿಯ ರುಚಿ ನೋಡಿದವರಲ್ಲ. ಆದರೂ ನನಗೆ ಅದೇ ಸರಿ ಅನಿಸುತ್ತಿತ್ತು. ಬೇರೆ ಲೋಕ ಎಂದ ಮೇಲೆ ಬೇರೆಯಾಗಿಯೇ ಇರಬೇಕು.

ಗೆಳೆಯನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನದು ಗಿಡ್ಡ ದೇಹದ, ಉದ್ದ ಗಡ್ಡದ ಕಮ್ಮಾರನ ಪಾತ್ರ. ಯಾವ ಊರು ಹೊಕ್ಕರೂ ಅವನ ಮೊದಲ ಪ್ರಶ್ನೆ ಒಂದೇ.

"ಈ ಊರಾಗ ತಿನ್ನಾಕ ಏನೈತಿ?"

"ಬಾರ್ಲಿ ಗಂಜಿ."

"ಅದಕ್ಕ ಹಚ್ಚಿಕೊಳ್ಳಾಕ?"

"ಏನಿಲ್ಲ."

"ಒಂದು ಹಸಿ ಮೆಣಸಿನಕಾಯಿನೂ ಇಲ್ಲ?"

"ಮೆಣಸಿನಕಾಯಿ ಈ ಲೋಕಕ್ಕ ಇನ್ನೂ ಬಂದಿಲ್ಲಲೇ."

"ಬೆಂಕಿ ಉಗುಳೂ ಹಾವು ಬಂದೈತಿ, ಮೆಣಸಿನಕಾಯಿ ಬಂದಿಲ್ಲ! ಯಾವ ಸೀಮೀ ಲೋಕಾನೋ ನಿಂದು?"

ಒಂದು ಭಾನುವಾರ ಅವನ ಕಮ್ಮಾರ ಕೋಟೆಯ ಬಾಗಿಲಲ್ಲಿ ಗೋಬಿ ಮಂಚೂರಿ ಗಾಡಿ ಹಚ್ಚುತ್ತೇನೆ ಎಂದು ಹಟ ಹಿಡಿದ. ಹೂಕೋಸು ಇರಬಹುದು, ಆದರೆ ಸೋಯಾ ಸಾಸ್ ಎಲ್ಲಿಂದ ತರುತ್ತೀ ಎಂದು ನಾನು ಕೇಳಿದೆ. ಅದನ್ನು ಹುಡುಕಿಕೊಂಡೇ ಈ ದಂಡಯಾತ್ರೆ ಹೊರಟದ್ದು ಅಂದುಬಿಡೋಣ ಎಂದ. ಗ್ಯಾರೇಜಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ವೈನಿ, "ಗೋಬಿ ಜಗಳಾ ಮುಗಿಯೂದ್ರಾಗ ಶತ್ರುಗಳೆಲ್ಲಾ ಬ್ಯಾಸರಾಗಿ ಮನೀಗೆ ಹೋಗಿರಬೇಕು" ಎಂದರು. ಅವರದು ಬಿಲ್ಲು ಹಿಡಿದ ಕಾಡಿನ ಹೆಣ್ಣಿನ ಪಾತ್ರ. ಮಾತು ಕಡಿಮೆ, ಗುರಿ ತಪ್ಪುತ್ತಿರಲಿಲ್ಲ. ನಾನು ಗೋಬಿ ಗಾಡಿಗೆ ಅನುಮತಿ ಕೊಡಲಿಲ್ಲ. ಅವನು ಪ್ರತಿ ವಾರ ಕೇಳುವುದನ್ನು ಬಿಡಲಿಲ್ಲ.

ಅವನ ನಾಲಿಗೆಯ ಬದಿಯಲ್ಲಿ ಹುಣ್ಣೊಂದು ಎದ್ದಿತ್ತು. ಮೊನಚಾದ ಹಲ್ಲು ತಗುಲಿ ಆಗಿರಬೇಕೆಂದು ಹಲ್ಲಿನ ಡಾಕ್ಟರರ ಹತ್ತಿರ ಅದರ ಮೊನೆ ಉಜ್ಜಿಸಿಕೊಂಡು ಬಂದ. ಮಾಯಲಿಲ್ಲ. ಮೆಣಸಿನಕಾಯಿ ಭಜಿ ತಿನ್ನುವಾಗ ಒಂದು ಬದಿಗೆ ಸರಿಸಿಕೊಂಡು ಅಗಿಯುತ್ತಿದ್ದುದನ್ನು ನಾನು ಕಂಡಿದ್ದೆ. ಅದಕ್ಕೆ ಹೆಚ್ಚು ಬೆಲೆ ಕೊಟ್ಟಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ. ಕಡೆಗೆ ವಿದ್ಯಾನಗರದ ದವಾಖಾನೆಯಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ನಾಲಿಗೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆಗೆದು, ತೊಡೆಯ ಮಾಂಸ ಕಟ್ಟಿ ಹೊಲಿದರು. ಆಮೇಲೆ ಕರೆಂಟ್ ಕೊಡುವ ಚಿಕಿತ್ಸೆ, ಅಂದರೆ ರೇಡಿಯೇಶನ್. ಕುತ್ತಿಗೆಯ ಚರ್ಮ ಸುಟ್ಟ ಬದನೆಕಾಯಿಯಂತಾಯಿತು. ನೋಡಲು ಬಂದವರೆಲ್ಲ ಹೊರಗೆ ನಿಂತು ವೈನಿಯನ್ನು ಒಂದೇ ಮಾತು ಕೇಳುತ್ತಿದ್ದರು: "ಗುಟ್ಕಾ ತಿಂತಿದ್ರೇನ್ರಿ?" ಅವನು ಜನ್ಮದಲ್ಲಿ ಗುಟ್ಕಾ ಮುಟ್ಟಿದವನಲ್ಲ. ಇಲ್ಲ, ಇಲ್ಲ ಎಂದು ಹೇಳಿ ಹೇಳಿ ವೈನಿ ಕಡೆಕಡೆಗೆ ಆ ಪ್ರಶ್ನೆಗೆ ಉತ್ತರ ಕೊಡುವುದನ್ನೇ ಬಿಟ್ಟರು.

ಅವನು ಮನೆಗೆ ಬಂದಾಗ ಮೂಗಿನಿಂದ ಹೊಟ್ಟೆಗೆ ಒಂದು ಸಣ್ಣ ನಳಿಗೆ ಇಳಿಬಿಟ್ಟಿದ್ದರು. ಮಿಕ್ಸರಿನಲ್ಲಿ ಅರೆದು ಸೋಸಿದ ಗಂಜಿಯನ್ನು, ಹಾಲನ್ನು, ವೈನಿ ದೊಡ್ಡ ಸಿರಿಂಜಿನಿಂದ ಅದರಲ್ಲಿ ಹಾಕುತ್ತಿದ್ದರು. ಮಾತು ಹೋಗಿತ್ತು. ಬಾಯಿಂದ ಬರುವ ಸದ್ದು ವೈನಿಗೂ ಅರ್ಥವಾಗುತ್ತಿರಲಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದ, ಮೊಬೈಲು ಅದನ್ನು ಓದಿ ಹೇಳುತ್ತಿತ್ತು. ಓದುವುದು ಒಂದು ಹೆಣ್ಣುದನಿ, ಅದೂ ಪುಸ್ತಕದ ಕನ್ನಡಕ್ಕೆ ಒಗ್ಗಿದ ದನಿ. ಇವನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದ. ಆ ಹೆಣ್ಣು ಪ್ರತಿ ಶಬ್ದಕ್ಕೂ ಎಡವುತ್ತಿತ್ತು. ಮೊದಲ ಸಲ ಕೇಳಿದಾಗ ಗ್ಯಾರೇಜಿನವನು, "ಸರ, ಈ ಅಕ್ಕಾರು ಯಾವ ಊರವರ್ರಿ? ನಮ್ಮ ಕಡೀದವರಂತೂ ಅಲ್ಲ" ಎಂದ. ಗೆಳೆಯನ ಭುಜ ಕುಣಿಯಿತು. ನಕ್ಕಿದ್ದಕ್ಕೆ ಬಾಯಿಂದ ಜೊಲ್ಲು ಇಳಿಯಿತು. ಕೈಯಲ್ಲಿ ಸದಾ ಹಿಡಿದಿರುತ್ತಿದ್ದ ಟವೆಲಿನಿಂದ ಒರೆಸಿಕೊಂಡು ಟೈಪ್ ಮಾಡಿದ. ಹೆಣ್ಣುದನಿ ಹೇಳಿತು: "ಐತವಾರ ಆಟ ಆಡೂಣು."

ಆ ಭಾನುವಾರ ನಾನು ಎಚ್ಚರದಿಂದ ಆಟ ನಡೆಸಿದೆ. ಊರು ಬಂತು, ಛತ್ರ ಬಂತು. ಊಟದ ಮಾತೇ ಎತ್ತದೆ, ನೀವು ಮಲಗಿ ಎದ್ದಿರಿ, ಬೆಳಗಾಯಿತು ಎಂದೆ. ಅವನು ಕೈ ಎತ್ತಿ ತಡೆದ.

"ಇಲ್ಲಿ ತಿನ್ನಾಕ ಏನೈತಿ?" ಎಂದಿತು ಮೊಬೈಲು.

ನಾನು ವೈನಿಯ ಮುಖ ನೋಡಿದೆ. ಅವರು ಕೈಯಲ್ಲಿದ್ದ ದಾಳವನ್ನು ನೋಡುತ್ತಿದ್ದರು. "ಬಾರ್ಲಿ ಗಂಜಿ" ಎಂದೆ.

ಅವನು ಬಹಳ ಹೊತ್ತು ಟೈಪ್ ಮಾಡಿದ. "ಮೂಗಿನಾಗ ದಿನಾ ಗಂಜಿನ ಹೊಂಟೈತಿ. ಇಲ್ಲ್ಯರ ಗಂಜಿ ಬ್ಯಾಡೋ."

ಛತ್ರದ ಹಿಂದಿನ ಸಂತೆಯಲ್ಲಿ ಒಬ್ಬ ಮುದುಕಿ ದೊಡ್ಡ ಬುಟ್ಟಿ ಇಟ್ಟುಕೊಂಡು ಕೂತಿದ್ದಾಳೆ ಎಂದೆ. ಬುಟ್ಟಿಯಲ್ಲಿ ಚುರಮುರಿ. ಪಕ್ಕದ ಬೋಗುಣಿಯಲ್ಲಿ ಉಳ್ಳಾಗಡ್ಡಿ, ಟೊಮೆಟೊ, ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಗೊಜ್ಜು. ಅವಳು ಚುರಮುರಿಗೆ ಗೊಜ್ಜು ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಕೈಯಿಂದಲೇ ಗಿರ್ಮಿಟ್ ಕಲಸುತ್ತಿದ್ದಾಳೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪಕ್ಕದಲ್ಲಿ ಎಣ್ಣೆಯಲ್ಲಿ ಬಾಡಿಸಿದ ಉಪ್ಪು ಹಚ್ಚಿದ ಮೆಣಸಿನಕಾಯಿ.

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಮೊಬೈಲಿಗೆ ಕೈ ಹಾಕಿ, ಆಮೇಲೆ ನೋಡಿ ಬರೆದ: "ಉಳ್ಳಾಗಡ್ಡಿ ಸಣ್ಣಗ ಹೆಚ್ಯಾಳೋ ದಪ್ಪಗೋ?"

"ಸಣ್ಣಗ."

ತಲೆಯಾಡಿಸಿದ. ಗ್ಯಾರೇಜಿನವನು ತನ್ನ ಕಳ್ಳನ ಪಾತ್ರ ಮುದುಕಿಯ ಬುಟ್ಟಿಯಿಂದ ಒಂದು ಹಿಡಿ ಕದಿಯುತ್ತಾನೆ ಎಂದು ದಾಳ ಎಸೆದ. ಸಿಕ್ಕಿಬಿದ್ದ. ಎಲ್ಲರೂ ನಕ್ಕೆವು. ನನ್ನ ಲೋಕದ ಕಟ್ಟುಪಾಡು ಆ ಮಧ್ಯಾಹ್ನವೇ ಮುರಿಯಿತು.

ಅಲ್ಲಿಂದ ಪ್ರತಿ ಭಾನುವಾರ ಒಂದೊಂದು ತಿಂಡಿ ಆ ರಾಜ್ಯಕ್ಕೆ ಬಂತು. ಮಂಜಿನ ಕಣಿವೆಯಲ್ಲಿ ಎಗ್ ರೈಸ್ ಗಾಡಿ. ಮಾಟಗಾರನ ಗೋಪುರದ ಕೆಳಗೆ ಪಾವ್ ಭಾಜಿ. ಬಂದರಿನಲ್ಲಿ ಗೋಲಿ ಸೋಡಾ, ಬ್ರೆಡ್ ಆಮ್ಲೆಟ್. ಗೋಬಿ ಗಾಡಿಗೂ ಜಾಗ ಸಿಕ್ಕಿತು. ಸೋಯಾ ಸಾಸಿನ ಪ್ರಶ್ನೆಯನ್ನು ನಾನು ಮತ್ತೆ ಕೇಳಲಿಲ್ಲ. ಅವನು ಸುಲಭಕ್ಕೆ ತೃಪ್ತನಾಗುತ್ತಿರಲಿಲ್ಲ. ಎಣ್ಣೆ ಎಷ್ಟು ಕಾದಿತ್ತು, ತತ್ತಿ ಒಡೆದಾಗ ಅಂಚು ಕಂದಿತೋ ಇಲ್ಲವೋ, ಪಾವಿಗೆ ಬೆಣ್ಣೆ ಎರಡೂ ಬದಿ ಹಚ್ಚಿದರೋ, ಎಲ್ಲ ಬೇಕು. ಹಾಗಾಗಿ ನಾನು ಕಾರ್ಖಾನೆಯಿಂದ ಬರುವಾಗ ದಿನವೂ ಯಾವುದಾದರೂ ಗಾಡಿಯ ಮುಂದೆ ನಿಂತು, ಮಾಡುವುದನ್ನು ಮೊದಲಿಂದ ಕಡೆತನಕ ನೋಡಿ ಹೋಗಲು ಶುರು ಮಾಡಿದೆ. ತಿನ್ನುತ್ತಿದ್ದೆ ಕೂಡ. ಆದರೆ ತಿನ್ನುವಾಗಲೂ, ಇದನ್ನು ಹೇಗೆ ಹೇಳಲಿ ಎಂಬುದೇ ತಲೆಯಲ್ಲಿ ಓಡುತ್ತಿತ್ತು. ಗ್ಯಾರೇಜಿನವನು ಒಂದು ವಾರ ತನ್ನ ತಾಯಿ ಈದಿಗೆ ಮಾಡುವ ಬಿರ್ಯಾನಿಯನ್ನು ರಾಜನ ಮದುವೆಯೂಟಕ್ಕೆ ತಂದ. ಹಂಡೆಯ ಬಾಯಿಗೆ ಕಣಕ ಮೆತ್ತಿ ಮುಚ್ಚುವುದನ್ನು, ಒಡೆದಾಗ ಏಳುವ ಹಬೆಯನ್ನು ಹೇಳುತ್ತಾ ಹೇಳುತ್ತಾ ಸರನ ಕಡೆ ನೋಡಿ ಅರ್ಧಕ್ಕೆ ನಿಲ್ಲಿಸಿದ.

ಗೆಳೆಯನ ಟವೆಲು ಪೂರ್ತಿ ಒದ್ದೆಯಾಗಿತ್ತು. ಊಟದ ಮಾತು ಕೇಳಿದರೆ ಯಾರ ಬಾಯಲ್ಲಾದರೂ ನೀರೂರುತ್ತದೆ. ಅವನಿಗೆ ಅದನ್ನು ನುಂಗಲು ಬರುತ್ತಿರಲಿಲ್ಲ. ಅದು ಗದ್ದದ ಮೇಲಿಂದ ಅಂಗಿಗೆ ಇಳಿಯುತ್ತಿತ್ತು. "ಮುಂದ ಹೇಳು" ಎಂದು ಕೈ ಸನ್ನೆ ಮಾಡಿದ. ವೈನಿ ಎದ್ದು ಒಳಗಿಂದ ಇನ್ನೊಂದು ಟವೆಲು ತಂದುಕೊಟ್ಟರು.

ಆ ಸಂಜೆ ನಾನು ಹೊರಟಾಗ ಅವರು ಗೇಟಿನ ತನಕ ಬಂದರು.

"ಅಣ್ಣಾರ, ಒಂದು ಮಾತು. ಊಟದ್ದು ಸ್ವಲ್ಪ ಕಡಿಮಿ ಮಾಡ್ರಿ."

"ಅವನೇ ಕೇಳ್ತಾನ್ರಿ ವೈನಿ."

"ಕೇಳ್ತಾರ, ಖರೇ. ನೀವು ಎದ್ದು ಹೋದಮ್ಯಾಲೆ ಗ್ವಾಡೀ ಕಡೆ ಮಾರಿ ಮಾಡಿ ಮಲಗ್ತಾರ. ನಳಿಗ್ಯಾಗ ಹಾಕಾಕ ಹ್ವಾದ್ರ ಕೈ ದೂಡ್ತಾರ. ಅದನ್ನ ನೋಡಾಕಿ ನಾನಲ್ಲೇನ್ರಿ?"

ಮುಂದಿನ ಭಾನುವಾರ ನಾನು ಅವರನ್ನು ಮರುಭೂಮಿಗೆ ಕರೆದುಕೊಂಡು ಹೋದೆ. ಅಲ್ಲಿ ಊರೂ ಇಲ್ಲ, ಅಂಗಡಿಯೂ ಇಲ್ಲ. ಗೆಳೆಯನಿಗೆ ತಕ್ಷಣ ಗೊತ್ತಾಯಿತು. ದಾಳವನ್ನು ಪಕ್ಕಕ್ಕಿಟ್ಟು ಟೈಪ್ ಮಾಡಿದ. ಏರಿಳಿತವಿಲ್ಲದ ಆ ಹೆಣ್ಣುದನಿ ಕೇಳಿತು: "ಯಾರು ಹೇಳ್ಯಾರ ನಿನಗ?"

ವೈನಿ, "ನಾ ಹೇಳೀನಿ" ಎಂದರು.

"ಯಾಕ?"

"ನಿಮಗ ತ್ರಾಸ ಆಗ್ತೈತಿ ಅಂತ."

ಅವನು ಸಿಟ್ಟಿನಿಂದ ಬೆರಳು ಒತ್ತುತ್ತಿದ್ದ. ಸಿಟ್ಟು ದನಿಗೆ ಬರುವಂತಿರಲಿಲ್ಲ. "ನನ್ನ ಬಾಯಿ ಹೋಗೈತಿ. ನನಗ ಇರೂದು ಇದೊಂದ ಊಟ. ಇದನ್ನೂ ಕಸಗೊಳ್ತಿ. ನೀ ಅಂತೂ ಉಣ್ಣತಿ."

"ನಾ ಉಣ್ಣತೀನಿ?" ವೈನಿಯ ದನಿ ಏರಿತು. ಅವರು ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಈ ಮನ್ಯಾಗ ಒಗ್ಗರಣಿ ಹಾಕಿ ಎಷ್ಟು ತಿಂಗಳಾತು, ಗೊತ್ತೈತೇನ್ರಿ ನಿಮಗ? ನಿಮಗ ವಾಸನಿ ಬರಬಾರದಂತ ಒಲಿ ಮ್ಯಾಲೆ ಹಾಲು, ಗಂಜಿ ಬಿಟ್ಟು ಬ್ಯಾರೆ ಇಟ್ಟಿಲ್ಲ. ಹಿತ್ತಲದಾಗ ಬಟ್ಟಿ ಒಗಿಯೂ ಕಲ್ಲಿನ ಹತ್ತರ ನಿಂತು ಬ್ರೆಡ್ ತಿಂತೀನಿ. ನೀವು ನೋಡಬಾರದಂತ ಬಾಗಲಾ ಹಾಕ್ಕೊಂಡು. ಉಣ್ಣತೀನಂತ!"

ಗ್ಯಾರೇಜಿನವನು ತಲೆ ತಗ್ಗಿಸಿದ್ದ. ನನಗೆ ಆಗ ಮೊದಲ ಸಲ ಅವರ ಕೈ ಕಾಣಿಸಿತು. ಬಳೆಗಳು ಮೊಣಕೈ ತನಕ ಸರಿಯುವಷ್ಟು ಸಣ್ಣಗಾಗಿತ್ತು. ನಾವೆಲ್ಲ ಅವನನ್ನೇ ನೋಡುತ್ತಿದ್ದೆವು. ಇವರನ್ನು ಯಾರೂ ನೋಡಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲಿತ್ತು. ಬಹಳ ಹೊತ್ತು ಹೆಂಡತಿಯನ್ನೇ ನೋಡಿದ. ಆಮೇಲೆ ದಾಳವನ್ನು ತೆಗೆದುಕೊಂಡು, ಟೈಪ್ ಮಾಡಿದ.

"ನನ್ನ ಕಮ್ಮಾರ ಮರುಭೂಮಿಯೊಳಗ ಒಲಿ ಹಚ್ಚತಾನ. ಬಿಲ್ಲಿನಾಕಿಗೆ ರೊಟ್ಟಿ ಬಡೀತಾನ."

"ನನ್ನ ಪಾತ್ರಕ್ಕ ಹಸಿವಿಲ್ಲ" ಎಂದರು ವೈನಿ.

ಅವನು ಇನ್ನೊಮ್ಮೆ ಬರೆದ. "ಆಟ ಅಲ್ಲ. ನೀ ಒಳಗ ಹೋಗು. ಅಡಗಿ ಮಾಡು. ಇಲ್ಲೆ ನನ್ನ ಮುಂದ ಕುಂತು ಉಣ್ಣು."

ವೈನಿ ಒಳಗೆ ಹೋದರು. ಅಡುಗೆ ಮಾಡಲು ಅಲ್ಲ. ನಲ್ಲಿ ಬಿಟ್ಟು ಮುಖ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ನಾವಿಬ್ಬರೂ ಎದ್ದು ಬಂದೆವು.

ಅದರ ಮುಂದಿನ ವಾರ ನಾವು ಹೋದಾಗ ಗೇಟಿನಲ್ಲೇ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯಿತು. ವೈನಿ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಹಾಕಿಕೊಂಡು ಅವನ ಎದುರಿಗೆ ಕೂತಿದ್ದರು. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದ. ಅವರು ಒಂದು ತುತ್ತು ಮುರಿದು ಬಾಯಲ್ಲಿಟ್ಟರು. ಅವನು ಕೇಳಿದ, ಮೊಬೈಲು ಹೇಳಿತು: "ಹೆಂಗೈತಿ?"

"ಉಪ್ಪು ಸ್ವಲ್ಪ ಜಾಸ್ತಿ ಆಗೇತಿ."

"ಹುಳಿ?"

"ಐತಿ."

ಒಂದು ರೊಟ್ಟಿ ಪೂರ್ತಿ ತಿಂದರು. ತಿನ್ನುವಾಗ ಅಳುತ್ತಿದ್ದರು, ಅಳುತ್ತಲೇ ಅಗಿದರು. ಅದರಿಂದ ಎಲ್ಲ ಸರಿಹೋಯಿತು ಎಂದು ಹೇಳಲು ಬರುವುದಿಲ್ಲ. ತಾಟು ಖಾಲಿಯಾದ ಮೇಲೆ ಅವನು ಎದ್ದು ಒಳಗೆ ಹೋಗಿ ಮಲಗಿಬಿಟ್ಟ. ಆ ದಿನ ಆಟ ನಡೆಯಲಿಲ್ಲ. ಆದರೆ ವೈನಿ ಆಮೇಲೆ ಹಿತ್ತಲಲ್ಲಿ ನಿಂತು ತಿನ್ನಲಿಲ್ಲ. ಅವನು ದಿನವೂ ಎದುರಿಗೆ ಕೂರಿಸಿಕೊಂಡು ನೋಡುತ್ತಿದ್ದನಂತೆ.

ಬೇಸಿಗೆ ಶುರುವಾಗುವ ಹೊತ್ತಿಗೆ ನಳಿಗೆ ತೆಗೆದರು. ಮೆತ್ತಗಿನದನ್ನು ಸ್ವಲ್ಪ ಸ್ವಲ್ಪ ನುಂಗಬಹುದು ಎಂದರು ಡಾಕ್ಟರು. ಅವನು ಮೊದಲು ಕೇಳಿದ್ದು ಐಸ್‌ಕ್ರೀಮು. ಗ್ಯಾರೇಜಿನವನು ಬಿಸಿಲಲ್ಲಿ ಓಡಿ ತಂದ. ಗೆಳೆಯ ಒಂದು ಚಮಚ ಬಾಯಲ್ಲಿಟ್ಟುಕೊಂಡು, ಕುತ್ತಿಗೆಯನ್ನು ಹಿಂದಕ್ಕೆ ಹಾಕಿ, ಕಷ್ಟಪಟ್ಟು ಇಳಿಸಿದ. ನಾವು ಮೂವರೂ ಬಾಯಿ ತೆರೆದುಕೊಂಡು ನೋಡುತ್ತಿದ್ದೆವು. ಅಷ್ಟರಲ್ಲಿ ಅವನಿಗೆ ಅಷ್ಟಿಷ್ಟು ಮಾತು ಬರುತ್ತಿತ್ತು, ತೊದಲಾದರೂ ತಿಳಿಯುತ್ತಿತ್ತು.

"ತಣ್ಣಗೈತಿ" ಎಂದ.

"ಮತ್ತ?" ಎಂದೆ.

"ಬ್ಯಾರೆ ಏನಿಲ್ಲ."

ಕರೆಂಟಿಗೆ ರುಚಿ ಹೋಗಿತ್ತು. ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ ಎಂದು ಡಾಕ್ಟರು ಹೇಳಿದರು. ಮಾವಿನಹಣ್ಣು ಕಿವುಚಿ ಕೊಟ್ಟರು, ಶ್ರೀಖಂಡ ಕೊಟ್ಟರು, ಸಾರು ಕೊಟ್ಟರು. ಎಲ್ಲವೂ ಒಂದೇ. ಒದ್ದೆ ಕಾಗದ ತಿಂದಂತಾಗುತ್ತದೆ ಎಂದ. ಆಮೇಲೆ ಆಟದಲ್ಲಿ ಅವನು ಊಟದ ಮಾತು ಕೇಳುವುದನ್ನು ನಿಲ್ಲಿಸಿದ. ನಾನೇ ಒಮ್ಮೆ, ಈ ಊರಲ್ಲಿ ಖಾರ ಮಟನ್ನಿನ ಸಾವಜಿ ಹೋಟೆಲಿನಂಥದ್ದೊಂದು ಇದೆ ಎಂದು ಶುರು ಮಾಡಿದೆ. "ಮುಂದ ನಡಿ" ಎಂದ. ಸಿಟ್ಟಿರಲಿಲ್ಲ. ಕೇಳಿಸಿಕೊಳ್ಳುವ ಆಸೆಯೇ ಇರಲಿಲ್ಲ. ನಳಿಗೆ ಇದ್ದಾಗ ಅವನು ತಿನ್ನಲಾಗದವನಾಗಿದ್ದ, ಆದರೆ ತಿನ್ನುವುದು ಏನೆಂದು ನೆನಪಿತ್ತು. ಆ ಐಸ್‌ಕ್ರೀಮು ಆ ನೆನಪನ್ನೂ ಕೆಡಿಸಿತೆಂದು ನನಗೆ ಅನಿಸುತ್ತದೆ.

ಮಳೆಗಾಲದಲ್ಲಿ ಕೆಮ್ಮು ಬಂತು. ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಈ ಸಲ ಬೇಗ ಮುಗಿಯಿತು. ಕಡೆಯ ವಾರಗಳಲ್ಲಿ ನಾವು ಹೋಗಿ ಸುಮ್ಮನೆ ಕೂತು ಬರುತ್ತಿದ್ದೆವು. ದಾಳಗಳನ್ನು ಯಾರೂ ಹೊರಗೆ ತೆಗೆಯಲಿಲ್ಲ.

ಚರ್ಚಿನಲ್ಲಿ ಅವನ ಜೊತೆಯವರೇ ಹಾಡಿದರು. ದಪ್ಪ ದನಿಯ ಸಾಲು ತೆಳ್ಳಗೆ ಕೇಳಿಸಿತು. ಮಣ್ಣು ಹಾಕಿ ಬಂದ ಮೇಲೆ ನಾನೂ ಗ್ಯಾರೇಜಿನವನೂ ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಗಿ ಒಂದು ಎಗ್ ರೈಸ್ ಗಾಡಿಯ ಹತ್ತಿರ ನಿಂತೆವು. ಪ್ಲೇಟು ಕೈಗೆ ಬಂತು. ಅವನು ಎರಡು ಚಮಚ ತಿಂದು, "ಕಾಕಾ, ಇದನ್ನ ನೋಡಿದ್ರ ಸರ ಏನು ಕೇಳ್ತಿದ್ರು ಅಂತ ನಾ ವಿಚಾರ ಮಾಡಾಕತ್ತೇನಿ. ಇಳಿವಲ್ದು" ಎಂದು ಪ್ಲೇಟು ಕೆಳಗಿಟ್ಟ. ನಾನು ತಿಂದೆ. ಹಸಿವಾಗಿತ್ತು.

ಒಂದು ವರ್ಷದ ಮೇಲೆ ವಿದ್ಯಾನಗರದ ಕೆಲವು ಕಾಲೇಜು ಹುಡುಗರು ಹೇಗೋ ನನ್ನ ಬಗ್ಗೆ ಕೇಳಿ, ನಮಗೂ ಆಟ ನಡೆಸಿಕೊಡ್ರಿ ಎಂದು ಬಂದರು. ಒಪ್ಪಿದೆ. ಹೊಸ ರಾಜ್ಯ ಕಟ್ಟಿದೆ. ಒಳ್ಳೆಯ ಹುಡುಗರು, ಚುರುಕು. ಮೊದಲ ದಿನವೇ ಅವರಲ್ಲೊಬ್ಬ, ತನ್ನ ಮಾಟಗಾರ ರಾಜನ ಆಸ್ಥಾನಕ್ಕೆ ಪಿಜ್ಜಾ ತರಿಸುತ್ತಾನೆ ಎಂದ. ಇನ್ನೊಬ್ಬ ನೂಡಲ್ಸು ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಪ್ಪೇನಿಲ್ಲ, ನಾವೂ ಹಾಗೆಯೇ ನಕ್ಕವರು. "ಹೆಂಗ ಐತ್ರಿ ಸರ, ಪಿಜ್ಜಾ? ಹೇಳ್ರಿ" ಎಂದು ಅವನು ನನ್ನ ಮುಖ ನೋಡಿದ. ದಾಳ ಎಸಿ ಎಂದು ಮಾತು ತೇಲಿಸಿದೆ. ಎರಡು ಮೂರು ವಾರ ನಡೆಸಿ, ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಗಿದೆ ಎಂದು ಬಿಟ್ಟುಬಿಟ್ಟೆ.

ವೈನಿ ಕೇಶ್ವಾಪುರದ ಮನೆ ಬಿಟ್ಟು ಧಾರವಾಡದಲ್ಲಿ ತಮ್ಮ ತಂಗಿಯ ಮನೆಯ ಹತ್ತಿರ ಬಾಡಿಗೆಗೆ ಇದ್ದಾರೆ. ಕೆಲಸವನ್ನೂ ಆ ಕಡೆಯ ಶಾಲೆಗೆ ಬದಲಿಸಿಕೊಂಡರು. ಮೊನ್ನೆ ಬಸ್ಸಿನಲ್ಲಿ ಸಿಕ್ಕರು. ಮಾತು ಅಲ್ಲಿಂದಿಲ್ಲಿಗೆ ಹೋಗಿ ಬಂದು, ಅವರೇ ಕೇಳಿದರು.

"ಆಟಾ ಇನ್ನೂ ಆಡ್ತೀರೇನ್ರಿ, ಅಣ್ಣಾರ?"

"ಇಲ್ರಿ ವೈನಿ. ಬಿಟ್ಟೆ."

ಅವರು ಕಿಟಕಿಯ ಹೊರಗೆ ನೋಡಿದರು. "ನನಗೂ ಬ್ಯಾಡ ಅನಸ್ತೈತಿ. ಆದ್ರ ಐತವಾರ ಮಧ್ಯಾಹ್ನ ಊಟಾ ಮುಗದಮ್ಯಾಲೆ ಏನು ಮಾಡಬೇಕು ತಿಳಿಯೂದಿಲ್ರಿ. ಮಲಗಿದ್ರ ನಿದ್ದಿ ಬರೂದಿಲ್ಲ. ಸುಮ್ನ ಕುಂತಿರತೀನಿ."

ನನ್ನ ಭಾನುವಾರಗಳೂ ಹಾಗೆಯೇ ಹೋಗುತ್ತವೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಅವರ ಸ್ಟಾಪು ಬಂತು. ಕಾಯಿಪಲ್ಲೆಯ ಚೀಲ ಎತ್ತಿಕೊಂಡು, "ಬರ್ತೀನ್ರಿ" ಎಂದು ಇಳಿದರು. ಬಾಗಿಲು ಮುಚ್ಚಿ ಬಸ್ಸು ಹೊರಟಿತು. ಅವರು ಕೂತಿದ್ದ ಸೀಟಿಗೆ ಕಾಲೇಜು ಹುಡುಗಿಯೊಬ್ಬಳು ಬಂದು ಕೂತಳು.